ಮಳೆಗಾಲದಲ್ಲಿ ಮನೆಯ ಥಂಡಿ ಅಳೆಯುವುದು: ಡೇಟಾ ಲಾಗರ್ ಇಡುವ ಕ್ರಮ

ಆರಿದ್ರಾ ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಬೀರುವಿನ ಬಟ್ಟೆಗೆಲ್ಲ ಬೂಷ್ಟು, ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆ, ಕೋಣೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಯಂತ್ರ ತರಬೇಕೋ, ಕಿಟಕಿ ತೆಗೆದಿಡಬೇಕೋ, ಗೋಡೆಗೆ ವಾಟರ್‌ಪ್ರೂಫ್ ಬಳಿಸಬೇಕೋ? ಸಾಗರ, ಹೊಸನಗರದ ಹಂಚಿನ ಮನೆಯವರೂ ಇದನ್ನೇ ಕೇಳುತ್ತಾರೆ, ಶಿವಮೊಗ್ಗ ಪೇಟೆಯ ಆರ್‌ಸಿಸಿ ಮನೆಯವರೂ ಇದನ್ನೇ ಕೇಳುತ್ತಾರೆ. ಅಳೆಯದೆ ಉತ್ತರ ಹೇಳಲು ಬರುವುದಿಲ್ಲ. ಕಿಟಕಿ ತೆಗೆದರೆ ಒಂದು ಮನೆ ಒಣಗುತ್ತದೆ, ಪಕ್ಕದ ಮನೆ ಇನ್ನಷ್ಟು ಒದ್ದೆಯಾಗುತ್ತದೆ.

ಡೇಟಾ ಲಾಗರ್ ಅಂದರೆ ಉಷ್ಣಾಂಶ ಮತ್ತು ತೇವಾಂಶವನ್ನು ನೀವು ಹೇಳಿದಷ್ಟು ನಿಮಿಷಕ್ಕೊಮ್ಮೆ ಅಳೆದು, ಹೊತ್ತಿನ ಸಮೇತ ತನ್ನೊಳಗೇ ಬರೆದಿಟ್ಟುಕೊಳ್ಳುವ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನ. ಅಂಗಡಿಯಲ್ಲಿ ಸಿಗುವ ಗಡಿಯಾರದಂಥ ಹೈಗ್ರೋಮೀಟರ್, ಅಂದರೆ ತೇವಮಾಪಕ, ಲಾಗರ್ ಅಲ್ಲ. ಅದು ಈ ಕ್ಷಣದ ಅಂಕಿ ತೋರಿಸುತ್ತದೆ, ಹೆಚ್ಚೆಂದರೆ ದಿನದ ಗರಿಷ್ಠ, ಕನಿಷ್ಠ ನೆನಪಿಟ್ಟುಕೊಳ್ಳುತ್ತದೆ. ಥಂಡಿಯ ಕಾರಣ ಹಿಡಿಯಲು ಬೇಕಾದದ್ದು ಏರಿಳಿತದ ರೇಖೆ: ಯಾವ ಹೊತ್ತಿಗೆ ಏರಿತು, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದು.

ಶುರು ಮಾಡುವ ಮೊದಲು ಎರಡು ಮಾತು ಸ್ಪಷ್ಟವಾಗಿರಬೇಕು

ಲಾಗರ್ ತೋರಿಸುವ ಶೇಕಡಾ ಅಂಕಿ ಸಾಪೇಕ್ಷ ಆರ್ದ್ರತೆ. ಈಗಿನ ಉಷ್ಣಾಂಶದಲ್ಲಿ ಗಾಳಿ ಎಷ್ಟು ನೀರಾವಿ ಹಿಡಿಯಬಲ್ಲದೋ, ಅದರಲ್ಲಿ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ ಅದು. ಒಂದು ಘನ ಮೀಟರ್ ಗಾಳಿ 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ನೀರಾವಿ ಹಿಡಿಯುತ್ತದೆ, 25 ಡಿಗ್ರಿಯಲ್ಲಿ 23 ಗ್ರಾಂ, 30 ಡಿಗ್ರಿಯಲ್ಲಿ 30 ಗ್ರಾಂ. ಹಾಗಾಗಿ ಒಂದು ತೊಟ್ಟು ನೀರೂ ಹೆಚ್ಚಾಗದೆ, ರಾತ್ರಿ ತಂಪಾಯಿತು ಎಂಬ ಕಾರಣಕ್ಕೇ ಶೇಕಡಾ ಅಂಕಿ ಏರಬಹುದು.

ಎರಡನೆಯದು ಇಬ್ಬನಿ ಬಿಂದು. ಗಾಳಿಯನ್ನು ತಣಿಸುತ್ತ ಹೋದರೆ ಯಾವ ಉಷ್ಣಾಂಶದಲ್ಲಿ ನೀರು ಕಟ್ಟುತ್ತದೋ ಅದು. ಗಾಳಿಯಲ್ಲಿ ನಿಜಕ್ಕೂ ಎಷ್ಟು ನೀರಿದೆ ಎಂಬುದನ್ನು ಹೇಳುವುದು ಇದೇ. ಬಾಯಿಲೆಕ್ಕ ಸುಲಭ: 100ರಿಂದ ಶೇಕಡಾ ಅಂಕಿಯನ್ನು ಕಳೆಯಿರಿ, ಉಳಿದದ್ದನ್ನು 5ರಿಂದ ಭಾಗಿಸಿ, ಬಂದದ್ದನ್ನು ಉಷ್ಣಾಂಶದಿಂದ ಕಳೆಯಿರಿ. ಒಳಗೆ 25 ಡಿಗ್ರಿ, ಶೇ. 85 ಇದ್ದರೆ 15ನ್ನು 5ರಿಂದ ಭಾಗಿಸಿ 3. ಇಬ್ಬನಿ ಬಿಂದು 22. ಹೊರಗೆ 23 ಡಿಗ್ರಿ, ಶೇ. 95 ಇದ್ದರೆ ಅದೂ 22. ಅಂಕಿ ನೋಡಿದರೆ ಹೊರಗಿಗಿಂತ ಮನೆ ಎಷ್ಟೋ ಒಣ ಅನ್ನಿಸುತ್ತದೆ, ಆದರೆ ಎರಡೂ ಕಡೆ ಗಾಳಿಯಲ್ಲಿರುವ ನೀರು ಒಂದೇ. ಶೇ. 50ಕ್ಕಿಂತ ಮೇಲಿದ್ದಾಗ ಮಾತ್ರ ಈ ಬಾಯಿಲೆಕ್ಕ ಸರಿಬರುತ್ತದೆ. ನಮ್ಮ ಮಳೆಗಾಲದಲ್ಲಿ ಅಂಕಿ ಅದಕ್ಕಿಂತ ಕೆಳಗೆ ಇಳಿಯುವ ಚಿಂತೆಯೇನೂ ಇಲ್ಲ.

1. ಲಾಗರ್ ಆರಿಸಿ

ಒಂದೇ ಲಾಗರ್ ತಂದರೆ ಹೆಚ್ಚೇನೂ ತಿಳಿಯುವುದಿಲ್ಲ. ಒಂದೇ ಮಾದರಿಯ ಮೂರು ತನ್ನಿ: ಹೊರಗೆ ಒಂದು, ಕೋಣೆಯ ಗಾಳಿಗೆ ಒಂದು, ಬೂಷ್ಟು ಬರುವ ಜಾಗಕ್ಕೆ ಒಂದು. ದುಬಾರಿಯ ಒಂದಕ್ಕಿಂತ ಸಾಧಾರಣದ ಮೂರು ಉಪಯೋಗಕ್ಕೆ ಬರುತ್ತವೆ, ಏಕೆಂದರೆ ಇಲ್ಲಿ ಮುಖ್ಯ ಹೋಲಿಕೆ.

ಸಿಗುವುದು ಮೂರು ಬಗೆ. ಪೆನ್‌ಡ್ರೈವ್‌ನಂತೆ ಕಂಪ್ಯೂಟರಿಗೆ ನೇರ ಚುಚ್ಚುವ ಯುಎಸ್‌ಬಿ ಲಾಗರ್. ಮೊಬೈಲಿಗೆ ಲೆಕ್ಕ ಕಳಿಸುವ ಬ್ಲೂಟೂತ್ ಲಾಗರ್. ಇಂಟರ್‌ನೆಟ್‌ಗೆ ಕಳಿಸುವ ವೈಫೈ ಲಾಗರ್. ಮಲೆನಾಡಿನ ಮಳೆಗಾಲಕ್ಕೆ ಮೊದಲೆರಡು ಸಾಕು. ಕರೆಂಟು ಹೋದರೆ ರೌಟರ್ ಆರುತ್ತದೆ, ರೌಟರ್ ಆರಿದರೆ ಸ್ವಂತ ಮೆಮೊರಿ ಇಲ್ಲದ ವೈಫೈ ಲಾಗರಿನ ಲೆಕ್ಕವೂ ನಿಲ್ಲುತ್ತದೆ. ಅದೂ ಸರಿಯಾಗಿ ಗಾಳಿಮಳೆ ಜೋರಾದ ದಿನವೇ, ಅಂದರೆ ನಿಮಗೆ ಬೇಕಾಗಿದ್ದ ದಿನವೇ. ಬ್ಲೂಟೂತ್ ಲಾಗರಿನ ವ್ಯಾಪ್ತಿ ಬಯಲಲ್ಲಿ ಹತ್ತಾರು ಮೀಟರ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ದಪ್ಪ ಜಂಬಿಟ್ಟಿಗೆ ಗೋಡೆಯ ಆಚೆಗೆ ಅದು ತಲುಪುವ ನಂಬಿಕೆ ಬೇಡ. ಮೊಬೈಲನ್ನು ಹತ್ತಿರ ಒಯ್ದು ಇಳಿಸಿಕೊಂಡರಾಯಿತು.

ಕೊಳ್ಳುವಾಗ ನೋಡಬೇಕಾದದ್ದು:

– ಆರ್ದ್ರತೆಯ ನಿಖರತೆ ಶೇ. 3 ಹೆಚ್ಚುಕಡಿಮೆಯ ಒಳಗಿರಲಿ. ಒಳಗಿನ ಸೆನ್ಸರ್ ಎಸ್‌ಎಚ್‌ಟಿ30 ಅಥವಾ 31 ಜಾತಿಯದಾದರೆ ಒಳ್ಳೆಯದು. ಸ್ವಂತ ಜೋಡಿಸಿಕೊಳ್ಳುವವರು ಡಿಎಚ್‌ಟಿ11 ಸೆನ್ಸರ್ ಬಿಟ್ಟುಬಿಡಿ. ಅದರ ಉಷ್ಣಾಂಶವೇ 2 ಡಿಗ್ರಿ ಆಚೀಚೆ ಹೋಗುತ್ತದೆ. ಶೇ. 80ರ ಆಸುಪಾಸಿನಲ್ಲಿ 1 ಡಿಗ್ರಿ ತಪ್ಪಿದರೂ ಆರ್ದ್ರತೆಯ ಅಂಕಿ 5ರಷ್ಟು ಬದಲಾಗುತ್ತದೆ.
– ಲಸಿಕೆ, ಮೀನು ಸಾಗಿಸುವ ಪೆಟ್ಟಿಗೆಗೆ ಇಡುವ ಅಗ್ಗದ ಲಾಗರ್‌ಗಳಲ್ಲಿ ಹಲವು ಒಂದೇ ಬಾರಿಯವು, ಅಳೆಯುವುದೂ ಉಷ್ಣಾಂಶ ಮಾತ್ರ. ನೋಡಿ ತನ್ನಿ.
– ಲೆಕ್ಕವನ್ನು ಸಿಎಸ್‌ವಿ ಫೈಲಾಗಿ, ಅಂದರೆ ಎಕ್ಸೆಲ್ಲಿನಲ್ಲಿ ತೆರೆಯುವ ಸಾದಾ ಪಟ್ಟಿಯಾಗಿ ಕೊಡಬೇಕು. ಆ್ಯಪಿನೊಳಗೆ ಗ್ರಾಫ್ ಮಾತ್ರ ತೋರಿಸುವವು ಬೇಡ.

2. ಉಪ್ಪಿನ ಪರೀಕ್ಷೆ

ಹೊಸದೆಂದು ನಂಬಬೇಡಿ. ಮೊದಲು ಮೂರನ್ನೂ ಒಂದೇ ಡಬ್ಬಿಯಲ್ಲಿಟ್ಟು ಪರೀಕ್ಷೆ ಮಾಡಿ. ನೀರಿನಲ್ಲಿ ಅರೆ ಕರಗಿದ ಅಡುಗೆ ಉಪ್ಪು, ಮುಚ್ಚಿದ ಡಬ್ಬಿಯೊಳಗಿನ ಗಾಳಿಯನ್ನು ಶೇ. 75ಕ್ಕೆ ತಂದು ನಿಲ್ಲಿಸುತ್ತದೆ. 20ರಿಂದ 30 ಡಿಗ್ರಿಯವರೆಗೆ ಈ ಅಂಕಿ ಹೆಚ್ಚುಕಮ್ಮಿ ಅಲುಗುವುದೇ ಇಲ್ಲ.

ಬೇಕಾದದ್ದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಂದು ಬಾಟಲಿ ಮುಚ್ಚಳ, ಪುಡಿ ಉಪ್ಪು. ಕಲ್ಲುಪ್ಪು ಬೇಡ. ಅದರಲ್ಲಿರುವ ಮೆಗ್ನೀಷಿಯಂ ಲವಣ ಅಂಕಿಯನ್ನು ಕೆಳಗೆಳೆಯುತ್ತದೆ. ಮಳೆಗಾಲಕ್ಕೆ ಕಲ್ಲುಪ್ಪಿನ ಭರಣಿ ನೀರೊಡೆಯುವುದೂ ಅದರಿಂದಲೇ. ಬಾಟಲಿ ಮುಚ್ಚಳದ ಮುಕ್ಕಾಲು ಉಪ್ಪು ತುಂಬಿ, ಹನಿಹನಿಯಾಗಿ ನೀರು ಬಿಡಿ. ಒದ್ದೆ ಮರಳಿನಂತಾದರೆ ಸಾಕು. ಮೇಲೆ ನೀರು ನಿಂತು ಉಪ್ಪು ಪೂರ್ತಿ ಕರಗಿದರೆ ಪರೀಕ್ಷೆ ಕೆಟ್ಟಿತು. ಉಪ್ಪಿನ ಮುಚ್ಚಳವನ್ನು ಡಬ್ಬಿಯೊಳಗಿಟ್ಟು, ಲಾಗರ್‌ಗಳನ್ನು ಅದಕ್ಕೆ ತಾಗದಂತೆ ಪಕ್ಕದಲ್ಲಿಟ್ಟು, ಡಬ್ಬಿ ಮುಚ್ಚಿ, ಬಿಸಿಲು, ಒಲೆ ಸೋಕದ ಕೋಣೆಯಲ್ಲಿ ಪೂರ್ತಿ ಒಂದು ದಿನ ಬಿಡಿ. ಮಧ್ಯೆ ತೆರೆದು ನೋಡಿದರೆ ಮತ್ತೆ ಮೊದಲಿಂದ ಎಣಿಸಬೇಕು.

ಕೊನೆಯ ಎರಡು ಮೂರು ಗಂಟೆಯ ಅಂಕಿ ನೋಡಿ. ಒಂದು 78 ತೋರಿಸಿದರೆ ಅದು 3 ಹೆಚ್ಚು ಹೇಳುತ್ತದೆ ಎಂದು ಅದರ ಬೆನ್ನಿಗೇ ಬರೆದು ಅಂಟಿಸಿ, ಮುಂದೆ ಅದರ ಎಲ್ಲ ಲೆಕ್ಕದಿಂದಲೂ 3 ಕಳೆಯಿರಿ. 5ಕ್ಕಿಂತ ಹೆಚ್ಚು ತಪ್ಪಿದ್ದನ್ನು ಅಂಗಡಿಗೆ ವಾಪಸು ಕೊಡಿ. ಮೂರರ ಉಷ್ಣಾಂಶವನ್ನೂ ಇದೇ ಹೊತ್ತಿಗೆ ಹೋಲಿಸಿಕೊಳ್ಳಿ. ಒಂದೇ ಡಬ್ಬಿಯೊಳಗೆ ಅರ್ಧ ಡಿಗ್ರಿ ವ್ಯತ್ಯಾಸ ಬಂದರೂ ಬರೆದಿಡುವುದು ಲೇಸು.

3. ಹೊತ್ತು, ಅಂತರ, ಮೆಮೊರಿ

ಅಳತೆಯ ಅಂತರ 15 ನಿಮಿಷ ಇರಲಿ. ಬಚ್ಚಲು, ಅಡುಗೆಮನೆಗೆ ಬೇಕಾದರೆ 5 ನಿಮಿಷ. ಒಂದೊಂದು ನಿಮಿಷಕ್ಕೆ ಅಳೆದರೆ ಬ್ಯಾಟರಿ ದಂಡ. ಗೋಡೆ, ಮರ, ಬಟ್ಟೆ ಅಷ್ಟು ಬೇಗ ಬದಲಾಗುವ ವಸ್ತುಗಳಲ್ಲ.

ಮೆಮೊರಿಯ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. 15 ನಿಮಿಷಕ್ಕೊಂದರಂತೆ ದಿನಕ್ಕೆ 96 ಅಳತೆ. 16,000 ಅಳತೆಯ ಲಾಗರ್ 166 ದಿನ ಬರಬೇಕು. ಆದರೆ ಕೆಲವು ತಯಾರಕರು ಉಷ್ಣಾಂಶವನ್ನು ಒಂದು, ಆರ್ದ್ರತೆಯನ್ನು ಒಂದು ಎಂದು ಬೇರೆಬೇರೆ ಎಣಿಸುತ್ತಾರೆ. ಆಗ 83 ದಿನಕ್ಕೇ ತುಂಬುತ್ತದೆ: ಜೂನ್ 1ಕ್ಕೆ ಶುರು ಮಾಡಿದ್ದು ಆಗಸ್ಟ್ 22ರ ಸುಮಾರಿಗೆ ಮುಗಿಯಿತು. ತುಂಬಿದ ಮೇಲೆ ನಿಲ್ಲಬೇಕೋ, ಹಳೆಯದನ್ನು ಅಳಿಸಿ ಮುಂದುವರಿಯಬೇಕೋ ಎಂದು ಕೇಳುವ ಸೆಟ್ಟಿಂಗಿನಲ್ಲಿ 'ನಿಲ್ಲು' ಆರಿಸಿ, ತಿಂಗಳಿಗೊಮ್ಮೆ ಇಳಿಸಿಕೊಳ್ಳಿ.

ಮೂರಕ್ಕೂ ಒಂದೇ ಮೊಬೈಲಿನಿಂದ ಸಮಯ ಹೊಂದಿಸಿ. ಕೆಲವು ಆ್ಯಪ್‌ಗಳು ಫೈಲಿನಲ್ಲಿ ಗ್ರೀನಿಚ್ ಸಮಯ ಬರೆಯುತ್ತವೆ, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 6ಕ್ಕೆ ಹಂಡೆ ಒಲೆಗೆ ಬೆಂಕಿ ಹಾಕಿದ್ದು ಪಟ್ಟಿಯಲ್ಲಿ ರಾತ್ರಿ 12:30ಕ್ಕೆ ಬಂದು ಕೂರುತ್ತದೆ. ಪತ್ತೆಗೆ ಸುಲಭ ಉಪಾಯ: ಲಾಗರನ್ನು ಐದು ನಿಮಿಷದ ಅಂತರಕ್ಕಿಟ್ಟು, ಹತ್ತು ಹದಿನೈದು ನಿಮಿಷ ಅಂಗೈಯಲ್ಲಿ ಹಿಡಿದು, ಗಡಿಯಾರ ನೋಡಿ ಬರೆದುಕೊಳ್ಳಿ. ಫೈಲಿನಲ್ಲಿ ಉಷ್ಣಾಂಶದ ಗುಡ್ಡೆ ಯಾವ ಹೊತ್ತಿಗೆ ಬಂದಿದೆ ನೋಡಿದರೆ ತಿಳಿಯುತ್ತದೆ.

4. ಎಲ್ಲಿ ಇಡಬೇಕು

ಇಡೀ ಕೆಲಸದಲ್ಲಿ ಹೆಚ್ಚು ತಪ್ಪಾಗುವುದು ಇಲ್ಲಿಯೇ.

ಹೊರಗಿನದು: ಉತ್ತರ ಬದಿಯ ಸೂರಿನ ಕೆಳಗೆ, ಬಿಸಿಲು ಬೀಳದ, ಎರಚಲು ಹೊಡೆಯದ ಕಡೆ. ಆಗುಂಬೆ, ಹುಲಿಕಲ್ ಕಡೆಯ ಗಾಳಿಮಳೆಗೆ ಎರಚಲು ಜಗಲಿಯ ಒಳಗೂ ಬರುತ್ತದೆ. ಅಂಥ ಕಡೆ ಮುಚ್ಚಳ ತೆಗೆದ ಪ್ಲಾಸ್ಟಿಕ್ ಡಬ್ಬಿಯನ್ನು ಬೋರಲು ಹಾಕಿ, ಬದಿಗಳಲ್ಲಿ ಧಾರಾಳವಾಗಿ ತೂತು ಕೊರೆದು, ಅದರೊಳಗೆ ತೂಗುಹಾಕಿ. ಮೊಬೈಲಿನ ಹವಾಮಾನ ಆ್ಯಪಿನ ಅಂಕಿಯನ್ನು ಹೊರಗಿನ ಲೆಕ್ಕವಾಗಿ ಬಳಸಬೇಡಿ. ಅದು ನಿಮ್ಮ ಅಂಗಳದ್ದಲ್ಲ. ಶಿವಮೊಗ್ಗ ಪೇಟೆಯಲ್ಲಿ ಹೊಳವಾಗಿ ಬಿಸಿಲು ಬಿದ್ದಿರುವಾಗ ತೀರ್ಥಹಳ್ಳಿಯಾಚೆ ಜಡಿಮಳೆ ಹೊಡೆಯುತ್ತಿರುವುದು ಹೊಸ ಸಂಗತಿಯೇನಲ್ಲ.

ಕೋಣೆಯದು: ನೆಲದಿಂದ ಒಂದರಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಗೋಡೆಗೆ ತಾಗದಂತೆ. ತೊಲೆಯಿಂದ ದಾರ ಇಳಿಬಿಟ್ಟು ತೂಗುಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಫ್ರಿಜ್, ಟೀವಿ, ಇನ್ವರ್ಟರ್ ಮೇಲೆ ಬೇಡ. ಅವುಗಳ ಬಿಸಿಗೆ ಆರ್ದ್ರತೆ ಕಡಿಮೆ ತೋರಿಸಿ ನಿಮ್ಮನ್ನು ಸಮಾಧಾನಪಡಿಸುತ್ತದೆ.

ಮೂರನೆಯದು ಬೂಷ್ಟು ಬರುವ ಜಾಗಕ್ಕೇ ಹೋಗಬೇಕು: ಹೊರಗೋಡೆಗೆ ಒತ್ತಿದ ಬೀರುವಿನ ಹಿಂದೆ, ಮಂಚದ ತಲೆಬದಿ, ಪುಸ್ತಕದ ಕಪಾಟಿನ ಕೆಳಗಿನ ಅರೆಯಲ್ಲಿ. ಗೋಡೆಯ ಹತ್ತಿರದ ಗಾಳಿ ಬೇರೆಯೇ ಲೋಕ. ಕೋಣೆ 25 ಡಿಗ್ರಿ, ಶೇ. 80 ಇದ್ದು, ಮಳೆ ಹೀರಿದ ಹೊರಗೋಡೆ 22.5 ಡಿಗ್ರಿಗೆ ತಣ್ಣಗಾಗಿದ್ದರೆ ಗೋಡೆಯ ಮೈಮೇಲಿನ ಆರ್ದ್ರತೆ ಸುಮಾರು ಶೇ. 93. ಶೇ. 80ಕ್ಕಿಂತ ಮೇಲೆ ದಿನಗಟ್ಟಲೆ ನಿಂತ ಮೈಮೇಲೆ ಬೂಷ್ಟು ಹಿಡಿಯುತ್ತದೆ. ಕೋಣೆ ನಡುವಿನ ಅಂಕಿ ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಇನ್ನೂ ಕೆಲವು ಸಣ್ಣ ಕಾಟಗಳಿವೆ. ಸೆನ್ಸರಿನ ತೂತಿಗೆ ಕುಂಬಾರ ಹುಳು ಮಣ್ಣು ಮೆತ್ತುತ್ತದೆ, ಇರುವೆ ಮೊಟ್ಟೆ ಇಡುತ್ತದೆ. ತೆಳು ನೈಲಾನ್ ಸೊಳ್ಳೆಪರದೆಯ ತುಂಡು ಸುತ್ತಿ. ಒಲೆ ಇರುವ ಅಡುಗೆಮನೆಯಲ್ಲಿ ಮಸಿ ಕೂತು ಸೆನ್ಸರ್ ಮಂದವಾಗುತ್ತದೆ. ಪೇಂಟು, ಥಿನ್ನರ್, ಸ್ಯಾನಿಟೈಸರ್ ಆವಿ ಸೆನ್ಸರಿನ ತೆಳು ಪದರಕ್ಕೆ ಆಗದು. ಮನೆಗೆ ಬಣ್ಣ ಹೊಡೆಸುವಾಗ ಲಾಗರ್ ತೆಗೆದಿಡಿ.

5. ಪಕ್ಕದಲ್ಲೊಂದು ನೋಟ್‌ಬುಕ್

ಲಾಗರ್ ಎಷ್ಟು ಎಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ದಿನಕ್ಕೆ ಎರಡು ಸಾಲು ಬರೆಯಿರಿ: ಮಳೆ ಹಿಡಿದದ್ದು, ಹೊಳವಾದದ್ದು, ಕಿಟಕಿ ತೆಗೆದ ಮತ್ತು ಹಾಕಿದ ಹೊತ್ತು, ಹಂಡೆ ಒಲೆ ಉರಿಸಿದ್ದು, ಒಳಗೆ ಬಟ್ಟೆ ಹರವಿದ್ದು.

ಬಟ್ಟೆಯ ಮಾತು ಬಂದದ್ದಕ್ಕೆ ಒಂದು ಲೆಕ್ಕ. ಹಿಂಡಿದ ಬಟ್ಟೆಯ ಬಕೆಟ್ಟನ್ನು ತೂಗಿ, ಒಣಗಿದ ಮೇಲೆ ಮತ್ತೆ ತೂಗಿ. ಕಡಿಮೆಯಾದ ಒಂದೊಂದು ಕಿಲೋ ಅಂದರೆ ಒಂದೊಂದು ಲೀಟರ್ ನೀರು ಕೋಣೆಯ ಗಾಳಿಗೆ ಸೇರಿತು ಎಂದರ್ಥ. ಹತ್ತಡಿ ಎತ್ತರದ, 12 ಅಡಿಗೆ 10 ಅಡಿ ಕೋಣೆಯಲ್ಲಿರುವುದು 34 ಘನ ಮೀಟರ್ ಗಾಳಿ. 25 ಡಿಗ್ರಿಯಲ್ಲಿ ಅದು ಪೂರ್ತಿ ತುಂಬಿದರೂ ಹಿಡಿಯುವುದು 800 ಗ್ರಾಂ ಒಳಗೆ. ಬಾಕಿ ನೀರು ಗೋಡೆಗೆ, ಹಾಸಿಗೆಗೆ, ಬೀರುವಿಗೆ. ಎಷ್ಟೋ ಮನೆಗಳ ಥಂಡಿಯ ಗುಟ್ಟು ಈ ತಂತಿಯ ಮೇಲೇ ನೇತಾಡುತ್ತಿರುತ್ತದೆ.

6. ಇಳಿಸಿಕೊಂಡು ಓದುವುದು

ಕಡಿಮೆಯೆಂದರೂ ಎರಡು ವಾರದ ಲೆಕ್ಕ ಬೇಕು. ಅದರಲ್ಲಿ ಜಡಿಮಳೆಯ ದಿನಗಳೂ ಹೊಳವಿನ ದಿನಗಳೂ ಇರಬೇಕು. ಪುನರ್ವಸುವಿನಿಂದ ಮಘೆಯವರೆಗೆ ಇಟ್ಟರೆ ಇಡೀ ಚಿತ್ರ ಸಿಗುತ್ತದೆ.

ಫೈಲನ್ನು ಎಕ್ಸೆಲ್ಲಿನಲ್ಲಿ ತೆರೆದಾಗ ಮೊದಲು ದಿನಾಂಕ ನೋಡಿ. 07/08 ಎಂದಿದ್ದರೆ ಜುಲೈ 8ಕ್ಕೂ ಆಗಸ್ಟ್ 7ಕ್ಕೂ ಅದಲುಬದಲಾಗಿರಬಹುದು. ತಿಂಗಳ 12ರವರೆಗೆ ಒಂದು ರೀತಿ, 13ರಿಂದ ಇನ್ನೊಂದು ರೀತಿ ಕಂಡರೆ ಇದೇ ಕಾರಣ. ಆಮೇಲೆ ಉಪ್ಪಿನ ಪರೀಕ್ಷೆಯ ತಿದ್ದುಪಡಿ ಹಾಕಿ. ಪಕ್ಕದ ಕಾಲಂನಲ್ಲಿ ಮೇಲಿನ ಬಾಯಿಲೆಕ್ಕದ ಇಬ್ಬನಿ ಬಿಂದು ಬರಿಸಿ, ಮೂರೂ ಲಾಗರಿನ ಇಬ್ಬನಿ ಬಿಂದುಗಳನ್ನು ಒಂದೇ ಗ್ರಾಫಿನಲ್ಲಿ ಎಳೆಯಿರಿ.

ಸರಾಸರಿ ತೆಗೆಯಬೇಡಿ. ಶೇ. 70ರ ಹಗಲು, 90ರ ರಾತ್ರಿ ಸೇರಿ ಸರಾಸರಿ 80 ಆದರೆ ಏನೂ ತಿಳಿದಂತಾಗಲಿಲ್ಲ. ಗೋಡೆ ಬದಿಯ ಲಾಗರ್ ದಿನಕ್ಕೆ ಎಷ್ಟು ಗಂಟೆ ಶೇ. 80 ದಾಟಿತ್ತು ಎಂದು ಎಣಿಸಿ. 15 ನಿಮಿಷದ ನಾಲ್ಕು ಸಾಲಿಗೆ ಒಂದು ಗಂಟೆ.

ಈಗ ಗ್ರಾಫ್ ನೋಡಿ:

ಒಳಗಿನ ಇಬ್ಬನಿ ಬಿಂದು ಹೊರಗಿನದರ ಜೊತೆಗೇ ಏರಿಳಿಯುತ್ತಿದ್ದರೆ, ಹೊರಗಿನ ಗಾಳಿಯೇ ಮನೆಯೊಳಗೆ ಓಡಾಡುತ್ತಿದೆ. ಮಾಡಿನ ಸಂದಿಯಿಂದ ಗಾಳಿಯಾಡುವ ಹಂಚಿನ ಮನೆಗಳ ಲಕ್ಷಣ ಇದು. ಇಲ್ಲಿ ಕಿಟಕಿ ತೆಗೆದರೂ ಹಾಕಿದರೂ ಹೆಚ್ಚು ವ್ಯತ್ಯಾಸವಿಲ್ಲ.

ಒಳಗಿನದು ಹೊರಗಿಗಿಂತ 2 ಡಿಗ್ರಿ ಅಥವಾ ಇನ್ನೂ ಮೇಲಿದ್ದರೆ, ನೀರು ಮನೆಯೊಳಗೇ ಹುಟ್ಟುತ್ತಿದೆ: ಬಟ್ಟೆ, ಬಚ್ಚಲು, ಅಡುಗೆ, ಸೋರುವ ಪೈಪು. ನೋಟ್‌ಬುಕ್ ತೆರೆದು ಏರಿದ ಹೊತ್ತಿಗೆ ತಾಳೆ ಹಾಕಿ. ಹೊರಗೆ ಎಷ್ಟೇ ಮಳೆ ಹೊಡೆಯುತ್ತಿರಲಿ, ಇಂಥ ಮನೆಯಲ್ಲಿ ಕಿಟಕಿ ತೆಗೆದರೆ, ಎಕ್ಸಾಸ್ಟ್ ಹಾಕಿದರೆ ಒಳಗೆ ಒಣಗುತ್ತದೆ. ಇದನ್ನು ಒಪ್ಪಿಸುವುದೇ ಕಷ್ಟ.

ಗೋಡೆ ಬದಿಯ ಶೇಕಡಾ ಹೆಚ್ಚು, ಆದರೆ ಇಬ್ಬನಿ ಬಿಂದು ಕೋಣೆಯದಷ್ಟೇ ಇದ್ದರೆ ಗೋಡೆ ಬರೀ ತಣ್ಣಗಿದೆ, ಅಷ್ಟೆ. ಗೋಡೆ ಬದಿಯ ಇಬ್ಬನಿ ಬಿಂದುವೇ ಕೋಣೆಯದಕ್ಕಿಂತ ಮೇಲಿದ್ದರೆ ಗೋಡೆಯೇ ನೀರು ಬಿಡುತ್ತಿದೆ; ಬುಡದಿಂದ ಪಸೆ ಏರುತ್ತಿರಬಹುದು, ಹೊರಗಿನ ಬಿರುಕಿನಿಂದ ಇಳಿಯುತ್ತಿರಬಹುದು. ಅರ್ಧ ಡಿಗ್ರಿಯ ವ್ಯತ್ಯಾಸ ನೋಡಿ ಮೇಸ್ತ್ರಿಯನ್ನು ಕರೆಯಬೇಡಿ, ಅದು ಲಾಗರಿನ ತಪ್ಪಿನೊಳಗೇ ಬರುತ್ತದೆ. ಒಂದು ಡಿಗ್ರಿ ದಾಟಿ ದಿನವಿಡೀ ಹಾಗೇ ಇದ್ದರೆ ಕರೆಯಿರಿ.

ಅಂಕಿ 99.9ಕ್ಕೆ ಅಂಟಿಕೊಂಡು ಅಲುಗದಿದ್ದರೆ ಸೆನ್ಸರಿನ ಮೇಲೆ ನೀರು ಕಟ್ಟಿದೆ. ಫ್ಯಾನಿನ ಗಾಳಿಯಲ್ಲಿ ಒಂದು ದಿನ ಒಣಗಿಸಿ. ಒಲೆಯ ಬಳಿ ಇಡಬೇಡಿ. ಆ ಹೊತ್ತಿನ ಲೆಕ್ಕವನ್ನು ಹೊಡೆದುಹಾಕಿ.

7. ಕಂಡದ್ದಕ್ಕೆ ತಕ್ಕ ಕೆಲಸ

ತಣ್ಣಗಿನ ಗೋಡೆಗೆ ಖರ್ಚಿಲ್ಲದ ಉಪಾಯ ಬೀರುವನ್ನು ಒಂದು ಗೇಣು ಮುಂದೆ ಎಳೆಯುವುದು, ಸಾಧ್ಯವಾದರೆ ಒಳಗೋಡೆಗೆ ವರ್ಗಾಯಿಸುವುದು. ಒಂದು ವಾರ ಬಿಟ್ಟು ಅದೇ ಜಾಗದ ಲೆಕ್ಕ ಮತ್ತೆ ನೋಡಿ.

ಹೊರಗಿನ ಗಾಳಿಯೇ ಕಾರಣವಾದ ಹಂಚಿನ ಮನೆಯಲ್ಲಿ ಇಡೀ ಕೋಣೆಗೆ ಡಿಹ್ಯೂಮಿಡಿಫೈಯರ್ ತರುವುದು ದುಡ್ಡು ದಂಡ. ಅದು ತೆಗೆದಷ್ಟೂ ನೀರು ಮಾಡಿನಿಂದ ವಾಪಸು ಬರುತ್ತದೆ. ಅಲ್ಲಿ ಬಿಸಿಯೇ ಸರಿ. 23 ಡಿಗ್ರಿ, ಶೇ. 95ರ ಗಾಳಿಯನ್ನು 28 ಡಿಗ್ರಿಗೆ ಬೆಚ್ಚಗೆ ಮಾಡಿದರೆ, ಒಂದು ಹನಿ ನೀರು ತೆಗೆಯದೆ ಆರ್ದ್ರತೆ ಸುಮಾರು ಶೇ. 70ಕ್ಕೆ ಇಳಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಸಾಮಾನು ಬೂಷ್ಟು ಹಿಡಿಯದೆ ಉಳಿಯುವುದು ಹೊಗೆಯಿಂದ ಮಾತ್ರವಲ್ಲ. ಅಲ್ಲೊಂದು ಲಾಗರ್ ಇಟ್ಟು ನೋಡಿ. ಒಲೆ ಉರಿಯುವ ಹೊತ್ತಿಗೆ ರೇಖೆ ಜಾರುವುದು ಚೆನ್ನಾಗಿ ಕಾಣುತ್ತದೆ. ದಾಖಲೆ, ಓಲೆಗರಿ, ಕ್ಯಾಮೆರಾದಂಥ ಬೆಲೆಬಾಳುವುದನ್ನು ರಬ್ಬರ್ ಅಂಚಿನ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಜೊತೆಗಿಟ್ಟು, ಲಾಗರನ್ನೂ ಒಳಗೇ ಬಿಡಿ. ಬಾಗಿಲು ಸಂದಿಯಿರುವ ಬೀರುವಿಗೆ ಸಿಲಿಕಾ ಜೆಲ್ ಎಷ್ಟು ಹಾಕಿದರೂ ಕೆಲವೇ ದಿನದ ಮಾತು.

ಕಿಟಕಿ ಬಾಗಿಲು ಬಿಗಿಯಾಗಿ ಹಾಕಬಹುದಾದ ಆರ್‌ಸಿಸಿ ಕೋಣೆಯಲ್ಲಿ ಡಿಹ್ಯೂಮಿಡಿಫೈಯರ್ ಕೆಲಸ ಮಾಡುತ್ತದೆ. ದಿನಕ್ಕೆ ಇಷ್ಟು ಲೀಟರ್ ಎಂದು ಅದರ ಮೇಲಿರುವುದು ಸಾಮಾನ್ಯವಾಗಿ 30 ಡಿಗ್ರಿಯ ಲೆಕ್ಕ. ನಮ್ಮ 23 ಡಿಗ್ರಿಗೆ ಅಷ್ಟು ಬರುವುದಿಲ್ಲ.

ಅಡಿಕೆ ಚೀಲದ ಉಗ್ರಾಣಕ್ಕೂ ಇದೇ ಕ್ರಮ, ಒಂದು ಬದಲಾವಣೆಯೊಂದಿಗೆ: ಒಂದು ಲಾಗರನ್ನು ತೆಳು ಬಟ್ಟೆಯಲ್ಲಿ ಸುತ್ತಿ ಚೀಲದ ನಡುವೆ ಹುಗಿಯಿರಿ. ದಾಸ್ತಾನಿನ ಬೂಷ್ಟಿಗೆ ಗೋಡೆಗೆ ಬೇಕಾದಷ್ಟು ತೇವವೂ ಬೇಡ, ಶೇ. 70ರ ಆಸುಪಾಸಿನಲ್ಲೇ ಶುರುವಾಗುತ್ತದೆ. ಚೀಲದೊಳಗಿನ ಅಂಕಿ ದಿನದಿನಕ್ಕೆ ಅಲುಗದೆ, ವಾರವಾರಕ್ಕೆ ಮೇಲೇರುತ್ತಿದ್ದರೆ ಹೊಳವು ಸಿಕ್ಕ ದಿನ ಬಿಚ್ಚಿ ಒಣಗಿಸುವುದೇ ದಾರಿ.

8. ಮಳೆ ಹಿಂದಾದ ಮೇಲೆ

ತಿಂಗಳುಗಟ್ಟಲೆ ಶೇ. 90ರಲ್ಲಿ ಕೂತ ಸೆನ್ಸರ್ ತಾತ್ಕಾಲಿಕವಾಗಿ ಎರಡು ಮೂರು ಅಂಕಿ ಹೆಚ್ಚು ತೋರಿಸುವುದುಂಟು. ಅದಕ್ಕೇ ಮಳೆಗಾಲದ ನಂತರದ ಉಪ್ಪಿನ ಪರೀಕ್ಷೆಯನ್ನು ಲಾಗರನ್ನು ಜಾಗದಿಂದ ತೆಗೆದ ಕೂಡಲೇ ಮಾಡಬೇಡಿ. ಒಣ ಜಾಗದಲ್ಲಿ ಕೆಲವು ದಿನ ಬಿಟ್ಟು ಮಾಡಿ. ಆಗಲೂ ತಪ್ಪು ಉಳಿದಿದ್ದರೆ ಹೊಸ ತಿದ್ದುಪಡಿಯನ್ನು ಹಳೆಯದರ ಪಕ್ಕ ದಿನಾಂಕ ಹಾಕಿ ಬರೆಯಿರಿ. ಜನವರಿಯಲ್ಲಿ ಒಂದು ವಾರ ಮೂರನ್ನೂ ಅದೇ ಜಾಗಗಳಲ್ಲಿಟ್ಟು ಲೆಕ್ಕ ತೆಗೆದಿಟ್ಟುಕೊಂಡರೆ, ಪಸೆ ಏರುವ ಗೋಡೆ ಒಣಗಾಲದಲ್ಲೂ ತನ್ನ ಗುರುತು ಬಿಟ್ಟುಕೊಡುತ್ತದೆ. ಆಮೇಲೆ ಬ್ಯಾಟರಿ ತೆಗೆದಿಡಿ. ಒಳಗೇ ಬಿಟ್ಟ ಹಳೆ ಸೆಲ್ ಸೋರಿದರೆ ಮುಂದಿನ ಜೂನ್‌ಗೆ ಹೊಸ ಲಾಗರೇ ಬೇಕಾಗುತ್ತದೆ.